ನನ್ನ ಕುರ್ಚಿಯ ಜಾಗದಲ್ಲಿ ಬಿಡಾರ ಹೂಡಿರುವ ಟಿಟ್ಟಿಭ ದಂಪತಿಗಳಿಗೆ

ಮಾನ್ಯರೇ,

ಹಳದಿ ಕಾಲುಗಳಿಂದಲೂ ಕಣ್ಣಂಚಿನ ಕೆಂಪಿನಿಂದಲೂ ಶೋಭಿಸುವ, ಒಂದೇ ಕೂಗಿಗೆ ಇಡೀ ಬೀದಿಯನ್ನು ಎಬ್ಬಿಸಬಲ್ಲ ಹಕ್ಕಿಗಳಾದ ತಮ್ಮಿಬ್ಬರಿಗೆ, ತಾವು ಕೂತಿರುವ ನೆಲದ ಮಾಲೀಕನೆಂದು ಇಂದಿಗೂ ನಂಬಿಕೊಂಡಿರುವ ನಾನು ಆರು ಮಾರು ದೂರದಿಂದಲೇ ನಮಸ್ಕರಿಸುತ್ತೇನೆ. ಹತ್ತಿರ ಬಂದು ನಮಸ್ಕರಿಸುವ ಆಸೆಯಿತ್ತು. ಆದರೆ ನಿನ್ನೆ ಹಾಗೆ ಬಂದಾಗ ತಮ್ಮಲ್ಲಿ ಯಜಮಾನರೋ ಯಜಮಾನಿಯೋ ತಿಳಿಯದು, ಒಬ್ಬರು ನನ್ನ ಬೋಳುತಲೆಗೆ ಗುರಿಯಿಟ್ಟು ಎರಗಿದ ರಭಸ ಕಂಡು ಆ ಆಸೆಯನ್ನು ಕೈಬಿಟ್ಟಿದ್ದೇನೆ.

ತಾವು ಹೊಸಬರಾದ್ದರಿಂದ ಈ ಹಿತ್ತಿಲಿನ ಪೂರ್ವಕಥೆಯನ್ನು ಅರಿಕೆ ಮಾಡಿಕೊಳ್ಳುವುದು ನನ್ನ ಕರ್ತವ್ಯ. ಅಡುಗೆಮನೆಯ ಬಾಗಿಲಲ್ಲಿ ಹುಟ್ಟಿದ ಈ ಹಿತ್ತಿಲು ಎಲ್ಲೂ ನಿಂತು ಉಸಿರು ತೆಗೆದುಕೊಳ್ಳದೆ, ಕೆಳಗಿನ ಕಾಂಪೌಂಡ್ ಗೋಡೆಗೆ ಹೋಗಿ ಡಿಕ್ಕಿ ಹೊಡೆಯುತ್ತಿತ್ತು. ಇಲ್ಲಿ ಕೈತಪ್ಪಿ ಬಿದ್ದ ಈರುಳ್ಳಿಯನ್ನು ಯಾರೂ ಬಗ್ಗಿ ಹೆಕ್ಕುತ್ತಿರಲಿಲ್ಲ. ನೇರವಾಗಿ ಗೋಡೆಯ ಬುಡಕ್ಕೆ ಹೋಗಿ ಅದರ ದಾರಿ ಕಾಯುತ್ತಿದ್ದರು. ಒಮ್ಮೆ ನಮ್ಮ ಚಿಕ್ಕಪ್ಪನವರು ಇಲ್ಲೇ ಕುರ್ಚಿ ಹಾಕಿಸಿಕೊಂಡು ತಮ್ಮ ಆಪರೇಷನ್ನಿನ ಕಥೆ ಶುರುಮಾಡಿ, ಹೇಳುತ್ತ ಹೇಳುತ್ತ ಕುರ್ಚಿ ಸಮೇತ ಜಾರಿ, ಹೊಲಿಗೆ ಬಿಚ್ಚುವ ಘಟ್ಟಕ್ಕೆ ಬರುವಷ್ಟರಲ್ಲಿ ಗೋಡೆ ಸೇರಿದ್ದರಿಂದ, ಮಿಕ್ಕ ಕಥೆಯನ್ನು ಅಲ್ಲಿಂದಲೇ ಕೂಗಿ ಹೇಳಬೇಕಾಯಿತು. ಇಂಥ ಹಿತ್ತಿಲಿನಲ್ಲಿ ಒಂದು ಸಂಜೆ, ಒಂದೇ ಒಂದು ಸಂಜೆ, ಕಾಲನ್ನು ನೆಲಕ್ಕೆ ಒತ್ತಿ ಹಿಡಿಯದೆ ಕುರ್ಚಿಯಲ್ಲಿ ಕೂತು ಒಂದು ಲೋಟ ಚಹಾ ಕುಡಿಯಬೇಕೆಂಬುದು ನನ್ನ ಇಪ್ಪತ್ತೆರಡು ವರ್ಷಗಳ ಬಯಕೆ.

ಕಳೆದ ವರ್ಷ ನಮ್ಮ ಮನೆಯವರು ಹಿತ್ತಿಲನ್ನೇ ಹೊಸದಾಗಿ ಮಾಡಿಸಲು ಹೊರಟು, ಕಾಗದದ ಮೇಲೆ ಎರಡು ಗೆರೆ ಎಳೆದು, “ಕೆಳಗಡೆ ಕೊಳ, ಅದು ಕಪ್ಪೆಗೆ. ನಡುವೆ ಇಳಿಜಾರು ಹಾಗೇ ಇರ್ಲಿ, ಹುಲ್ಲು ಪೊದೆ ಬೆಳೀಲಿ, ಅದು ಹಕ್ಕಿಗೆ, ಚಿಟ್ಟೆಗೆ. ಮೇಲ್ಗಡೆ ಮಟ್ಟ ಮಾಡ್ಸಿ ಜಲ್ಲಿ ಹಾಕ್ಸೋಣ, ಅದು ನಿಮ್ಗೆ. ಇನ್ಮೇಲೆ ಗೊಣಗಬಾರ್ದು ಅಷ್ಟೆ” ಎಂದು ಪಾಲು ಮಾಡಿಕೊಟ್ಟರು. ಕೊಳವೂ ಪೊದೆಯೂ ಆದ ಮೇಲೆ, ಹೋದ ತಿಂಗಳು, ನನ್ನ ಪಾಲಿಗೆ ಬಂದ ಆರಡಿಗೆ ಐದಡಿ ನೆಲವನ್ನು ಮೇಸ್ತ್ರಿ ರಸಮಟ್ಟವಿಟ್ಟು ಮೂರು ಸಲ ನೋಡಿ ಸಮ ಮಾಡಿದರು. ಅವರು ಹೇಳಿದ ಬೂದು ಜಲ್ಲಿ ಬೇಡವೆಂದು, ಕಂದು ಮೈಯ ಕಪ್ಪು ಚುಕ್ಕೆಯ ಉರುಟು ಕಲ್ಲೇ ಬೇಕೆಂದು ಹಟ ಹಿಡಿದು ತರಿಸಿದವನು ನಾನು. ತಮ್ಮ ಮೊಟ್ಟೆಗಳ ಬಣ್ಣವೂ ಅದೇ ಎಂದು ಆಗ ನನಗೆ ಯಾರೂ ಹೇಳಲಿಲ್ಲ.

ಜಲ್ಲಿ ಕೂರಲು ಒಂದು ವಾರ ಬಿಡಿ ಎಂದರು ಮೇಸ್ತ್ರಿ, ಬಿಟ್ಟೆ. ಎಂಟನೆಯ ಸಂಜೆ ಒಂದು ಕೈಯಲ್ಲಿ ಕುರ್ಚಿ, ಇನ್ನೊಂದು ಕೈಯಲ್ಲಿ ಚಹಾ ಹಿಡಿದು ಬಾಗಿಲು ದಾಟಿದರೆ ತಾವು ನಾಲ್ಕು ಮೊಟ್ಟೆಗಳ ಮೇಲೆ ವಿರಾಜಮಾನರಾಗಿದ್ದಿರಿ. ಜಲ್ಲಿ ಕೂತಿತು, ತಾವು ಕೂತಿರಿ, ನಾನೊಬ್ಬನೇ ನಿಂತಿದ್ದೇನೆ.

ತಮ್ಮ ಆಯ್ಕೆಯನ್ನು ನಾನು ಹೊಗಳದೆ ಇರಲಾರೆ. ತಮ್ಮಂಥವರಿಗೆಂದೇ ಬೆಳೆಸಿದ ಪೊದೆಗಳನ್ನೂ ಪೇರಿಸಿಟ್ಟ ಮರದ ತುಂಡುಗಳನ್ನೂ ಕಣ್ಣೆತ್ತಿಯೂ ನೋಡದೆ ನನ್ನ ಜಲ್ಲಿಗೇ ಬಂದಿರಿ. ಮಟ್ಟಸವಾದ ಜಾಗವೆಂದರೇನೆಂದು ನನ್ನಷ್ಟೇ ಬಲ್ಲವರು ಈ ಲೋಕದಲ್ಲಿ ತಾವಿಬ್ಬರೇ. ತಾವು ಪಾಳಿಯಲ್ಲಿ ಕಾವು ಕೂರುವುದನ್ನೂ, ಬಿಸಿಲೇರಿದಾಗ ಕೊಳದಲ್ಲಿ ಹೊಟ್ಟೆ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುವುದನ್ನೂ ನಮ್ಮ ಮನೆಯವರು ದಿನಕ್ಕೆರಡು ಸಲ ನನಗೆ ತೋರಿಸಿ, “ನೋಡ್ರೀ, ಗಂಡ ಅಂದ್ರೆ ಹೀಗಿರ್ಬೇಕು” ಎನ್ನುತ್ತಾರೆ. ನಮ್ಮ ಅತ್ತೆಯವರಂತೂ, “ಅಳಿಯಂದ್ರೇ, ಬಾಣಂತಿ ಇರೋ ಕಡೆ ಹೀಗಾ ಧಡಧಡ ನಡೆಯೋದು? ಮುಂದ್ಗಡೆಯಿಂದ ಸುತ್ಕೊಂಡು ಬನ್ನಿ” ಎಂದು ಹಿಂಬಾಗಿಲಿಗೆ ಚಿಲಕ ಹಾಕಿಸಿದ್ದಾರೆ. ಈಗ ನಮ್ಮ ಬಟ್ಟೆ ಒಣಗುವುದು ಬೀದಿಯ ಗೇಟಿನ ಮೇಲೆ. ನನ್ನ ಯಾವ ಬನಿಯನ್ನಿನಲ್ಲಿ ಎಷ್ಟು ತೂತಿದೆಯೆಂದು ಅಂಚೆಯವರು ಬಾಯಿಪಾಠ ಒಪ್ಪಿಸುತ್ತಾರೆ.

ತಾಳಲಾರದೆ, ತಾವು ಕಾವು ಕೂತ ಇಪ್ಪತ್ತನಾಲ್ಕನೆಯ ದಿನ ನಾನೇ ಗರಗಸ ಹಿಡಿದು, ಕುರ್ಚಿಯ ಹಿಂದಿನ ಎರಡು ಕಾಲುಗಳನ್ನು ಗೇಣುದ್ದ ಕೊಯ್ದು, ಅದನ್ನು ನಡುವಿನ ಇಳಿಜಾರಿನಲ್ಲಿ ಕೊಳದ ಕಡೆಗೆ ಮುಖಮಾಡಿ ಹಾಕಿದೆ. ಕುರ್ಚಿ ನೆಟ್ಟಗೆ ನಿಂತಿತು. ಆದರೆ ಹುಲ್ಲು ಕಿವಿಯೊಳಗೆ ಬರುತ್ತದೆ, ಚಹಾದಲ್ಲಿ ಮಿಡತೆ ಈಜುತ್ತದೆ, ಪಕ್ಕದ ಮನೆಯವರು ದುರ್ಬೀನು ಹಿಡಿದು ಹಕ್ಕಿ ನೋಡಲು ನಿಂತರೆ ಮೊದಲು ಕಾಣುವುದು ನಾನು.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಪಾಳಿ ಬದಲಾಗುವಾಗ ಹತ್ತು ನಿಮಿಷ ಜಾಗವನ್ನು ನನಗೆ ಬಿಟ್ಟುಕೊಟ್ಟರೆ ಮೊಟ್ಟೆಗಳ ಕಾವಿನ ಹೊಣೆಯನ್ನು ನಾನೇ ಹೊರುತ್ತೇನೆ. ನನ್ನ ತೂಕದ ಬಗ್ಗೆ ತಮಗೆ ಅನುಮಾನವಿದ್ದರೆ ಅಂಗೈಯಿಂದಲೇ ಕಾವು ಕೊಡಲೂ ಸಿದ್ಧ. ಇದಾಗದಿದ್ದರೆ, ಬೆಕ್ಕಿಗೆ ಕೂಗುವ ಕೂಗನ್ನೇ ನನಗೂ ಕೂಗದೆ, ಮನೆಯ ಯಜಮಾನನಿಗೆ ತಕ್ಕಂತೆ ಕೊಂಚ ಮೆಲುದನಿಯ ಬೇರೊಂದು ಕೂಗನ್ನು ರೂಢಿ ಮಾಡಿಕೊಳ್ಳಬೇಕಾಗಿ ಕೋರುತ್ತೇನೆ.

ತಮ್ಮ ಮುಂಬರುವ ಮರಿಗಳಿಗೆ ಅಡ್ಡಿಯಾಗದ, ಹುಲ್ಲಿನ ನಡುವೆ ವಾಸಿಸುತ್ತಿರುವ,
ತಮ್ಮ ವಿಶ್ವಾಸಿ,
ಹಿತ್ತಿಲಿನ ಹಳೆಯ ನಿವಾಸಿ

ತಾ.ಕ.: ಈ ಪತ್ರಕ್ಕೆ ಲಕೋಟೆ ಹುಡುಕುತ್ತಿದ್ದ ಹೊತ್ತಿನಲ್ಲೇ ತಮ್ಮ ನಾಲ್ಕೂ ಮರಿಗಳು ಮೊಟ್ಟೆಯೊಡೆದು ಎದ್ದು, ತಮ್ಮ ಹಿಂದೆ ನಡೆದುಕೊಂಡೇ ಗೇಟಿನ ಸಂದಿಯಿಂದ ಹೊರಟುಹೋದವಂತೆ. ಓಡಿಬಂದು ನನ್ನ ಕುರ್ಚಿಯನ್ನು ಮಟ್ಟಸ ಜಾಗದಲ್ಲಿಟ್ಟು ಕೂತೆ. ಹಿಂದಿನ ಕಾಲು ಮೋಟಾದ ಕುರ್ಚಿ ಆಕಾಶ ತೋರಿಸಿತು, ಚಹಾ ಮೂಗಿಗೆ ಹೋಯಿತು. ನಾನೆದ್ದು ಮೈ ಒರೆಸಿಕೊಂಡು ಬರುವಷ್ಟರಲ್ಲಿ ಅತ್ತೆಯವರು ತಮ್ಮ ನಾಲ್ಕು ಕಾಲಿನ ಗಟ್ಟಿ ಕುರ್ಚಿಯನ್ನು ಅಲ್ಲಿ ಹಾಕಿಸಿಕೊಂಡು ಕೂತಿದ್ದರು. ಹತ್ತಿರ ಹೋದರೆ ಅವರೂ ತಮ್ಮ ಹಾಗೆಯೇ ಕೂಗುತ್ತಾರೆ. ಇಪ್ಪತ್ತೆಂಟು ದಿನಕ್ಕೆ ಎದ್ದುಹೋಗುವ ವಾಡಿಕೆ ಅವರಲ್ಲಿ ಇಲ್ಲವಾದ್ದರಿಂದ, ದಯವಿಟ್ಟು ಬೇಗ ಹಿಂದಿರುಗಿ ಬನ್ನಿ.