ಒಂಬತ್ತನೇ ನಂಬರಿನ ತೇಗ

"ಸರ್ವಮಂಗಳಾ, ಕಣ್ಣು ಮುಚ್ಕೋ! ಹಾಂ... ಈಗ ಬಿಡು!"

ಸರ್ವಮಂಗಳ ಕಣ್ಣು ಬಿಟ್ಟಳು. ಅವಳ ಇಡ್ಲಿ ಪಾತ್ರೆ ತೇಗದ ಮರದ್ದಾಗಿತ್ತು! ಗೆರೆ, ಗಂಟು, ಬಳುಕು ಎಲ್ಲವೂ ಈಗತಾನೆ ಕಾಡಿನಿಂದ ಕಡಿದು ತಂದ ಹಾಗಿತ್ತು.

"ಅಯ್ಯೋ, ಏನ್ರೀ ಮಾಡಿದ್ರಿ ನನ್ನ ಪಾತ್ರೆನಾ?"

"ಒಳಗೆ ಅಲ್ಯೂಮಿನಿಯಮ್ಮೇ ಕಣೇ. ಮೇಲೆ ಮಾತ್ರ ತೇಗ!"

ತಿಪಟೂರಿನಲ್ಲಿ ಇಪ್ಪತ್ತು ವರ್ಷ ಅಂಗಡಿಗಳ ಬೋರ್ಡು ಬರೆದ ಚಿದಾನಂದಪ್ಪನಿಗೆ, ಬೋರ್ಡುಗಳನ್ನು ಕಂಪ್ಯೂಟರು ಬರೆಯತೊಡಗಿದ ಮೇಲೆ ಯಂತ್ರ ಕಟ್ಟುವ ಹುಚ್ಚು ಹತ್ತಿತ್ತು. ಈಗ ಅವನ ಹೆಗಲಲ್ಲಿ ಗಿಡಕ್ಕೆ ಔಷಧಿ ಹೊಡೆಯುವ ಪಂಪಿನಂಥದೊಂದು ಯಂತ್ರ ತೂಗುತ್ತಿತ್ತು. ಅದರ ಮೈಮೇಲೆ ಎರಡು ತಿರುಪು, ಒಂದಿಷ್ಟು ಅಂಕಿಗಳ ಗುಂಡಿ.

"ಇದರೊಳಗಿನ ಬಣ್ಣದ ಪುಡಿ ಹೇಳಿದ ಮಾತು ಕೇಳುತ್ತೆ. ಎಲ್ಲಿ ಕೂರಬೇಕು ಅನ್ನೋದನ್ನ ಒಂದು ಲೆಕ್ಕದ ಸೂತ್ರ ಹೇಳುತ್ತೆ. ಸಿನಿಮಾದಲ್ಲಿ ಮೋಡ, ಬೆಟ್ಟ, ಬೆಂಕಿ ಎಲ್ಲಾ ಮಾಡೋದು ಇದರಲ್ಲೇ. ಅಡ್ಡಾದಿಡ್ಡಿ ಕಾಣುತ್ತೆ, ಆದ್ರೆ ಪಕ್ಕಾ ಲೆಕ್ಕ! ನಾಯ್ಸ್ ಅಂತಾರೆ ಇದನ್ನ."

"ಸದ್ದೇ ಇಲ್ವಲ್ರೀ?"

"ಅದಕ್ಕೆ ನೀನಿದ್ದೀಯಲ್ಲ! ಕೇಳು, ಒಂದು ನಂಬರು ಒತ್ತಿದ್ರೆ ಒಂದು ಮರ. ಇನ್ನೊಂದು ಒತ್ತಿದ್ರೆ ಇನ್ನೊಂದು ಮರ. ಅದೇ ನಂಬರು ಮತ್ತೆ ಒತ್ತಿದ್ರೆ ಕೂದಲೆಳೆ ಆಚೀಚೆ ಆಗದೆ ಅದೇ ಮರ!"

ಬೇರೆ ದಿನವಾಗಿದ್ದರೆ ಸರ್ವಮಂಗಳ ಆ ಪಂಪನ್ನು ಗುಜರಿಗೆ ಹಾಕಿಬಿಡುತ್ತಿದ್ದಳು. ಆದರೆ ಆವತ್ತು ಅವಳ ತಲೆ ಬೇರೆ ಕಡೆ ಓಡಿತು. ನಾದಿನಿ ಗಿರಿಜೆಯ ಗೃಹಪ್ರವೇಶ ಬರುವ ಸೋಮವಾರ. ತಲೆಬಾಗಿಲು ತವರಿನಿಂದ ಹೋಗಬೇಕು, ಅದು ಪದ್ಧತಿ. ಹೋದ ವರ್ಷ ಗಿರಿಜೆಯ ಅತ್ತೆಯ ಎದುರಿಗೆ, ನೂರು ಜನರ ಪಂಕ್ತಿಯಲ್ಲಿ, ಹೋಳಿಗೆ ಬಡಿಸುತ್ತಾ ಸರ್ವಮಂಗಳ ಘೋಷಿಸಿಬಿಟ್ಟಿದ್ದಳು: "ಜೋಡಿ ಕದ, ಅಪ್ಪಟ ತೇಗ!" ಆಮೇಲೆ ಮರದ ಮಂಡಿಗೆ ಹೋಗಿ ಬಂದ ದಿನ ಅವಳಿಗೆ ಊಟ ಸೇರಿರಲಿಲ್ಲ.

"ರೀ, ಪ್ಲೈವುಡ್ಡಿಗೂ ಇದು ಹತ್ತುತ್ತಾ?"

"ಹತ್ತದೆ ಏನು! ಎಡಗಡೆ ಕದಕ್ಕೆ ಒಂಬತ್ತು, ಬಲಗಡೆಗೆ ಹತ್ತು ಒತ್ತಿದ್ರೆ ಆಯ್ತು."

"ಹತ್ತು ಬೇಡ! ಆ ಮನೆಗೆ ಆಗಿ ಬರೋದು ಒಂಬತ್ತೇ ಅಂತ ಐನೋರು ಹೇಳಿದ್ದಾರೆ. ಎರಡಕ್ಕೂ ಒಂಬತ್ತೇ ಇರಲಿ."

"ಲೇ, ಎರಡೂ ಒಂದೇ ಥರ ಬರುತ್ತೆ ಕಣೇ!"

"ಜೋಡಿ ಕದ ಒಂದೇ ಥರ ಇರದೆ, ಒಂದು ಪೂರ್ವಕ್ಕೆ ಒಂದು ಪಶ್ಚಿಮಕ್ಕೆ ಇರುತ್ತಾ? ಒತ್ರೀ!"

ಒತ್ತಿದ.

ಸೋಮವಾರ ಬೆಳಿಗ್ಗೆ ಗಿರಿಜೆಯ ಮನೆಯ ಮುಂದೆ ಬಾಗಿಲು ಮಿರಮಿರ ಮಿಂಚುತ್ತಿತ್ತು. ಅರಿಸಿನ ಕುಂಕುಮ ಹಚ್ಚಿ ಪೂಜೆ ಮುಗಿಸಿದ್ದೇ, ಬಂದವರೆಲ್ಲ ಒಬ್ಬೊಬ್ಬರಾಗಿ ಕದ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದರು. ಗಿರಿಜೆಯ ಅತ್ತೆ ಪಾರ್ವತಮ್ಮ ಎರಡೆರಡು ಸಲ ಒತ್ತಿಕೊಂಡರು. "ಮಾತು ಅಂದ್ರೆ ನಿಂದಮ್ಮ, ಸರ್ವಮಂಗಳಾ!" ಎಂದರು. ಸರ್ವಮಂಗಳ ಸೆರಗು ಸರಿಮಾಡಿಕೊಂಡು ನಕ್ಕಳು. ಎಲ್ಲರ ಹಾಗೆ ತಾನೂ ಕದ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಆಗ ಬಾಗಿಲ ಹತ್ತಿರ ಬಂದರು ಬ್ರಹ್ಮಾಚಾರ್ರು. ಆ ಮನೆಯ ಕಿಟಕಿಗಳನ್ನೆಲ್ಲ ಮಾಡಿದ ಬಡಗಿ, ಎಪ್ಪತ್ತು ದಾಟಿದವರು. ಕನ್ನಡಕ ಏರಿಸಿ ಎಡಗದ ನೋಡಿದರು, ಬಲಗದ ನೋಡಿದರು, ಮತ್ತೆ ಎಡಗದ ನೋಡಿದರು.

"ತಾಯೀ, ಈ ಗಂಟು ಇಲ್ಲೂ ಐತೆ, ಅಲ್ಲೂ ಅದೇ ಜಾಗದಲ್ಲಿ ಐತೆ. ಅವಳಿಜವಳಿ ಮರ ಏನು?"

"ಒಂದೇ ದಿಮ್ಮಿ ಆಚಾರ್ರೇ! ಮಧ್ಯಕ್ಕೆ ಸೀಳಿಸಿದ್ದು!"

"ಸೀಳಿ ಬಿಡಿಸಿದ್ರೆ ಕನ್ನಡಿ ಹಿಡಿದಂಗೆ ಎದುರುಬದುರು ಬರಬೇಕಲ್ಲ ತಾಯಿ? ಇದು ಹಂಗಿಲ್ಲ."

ಸರ್ವಮಂಗಳ ಗಂಡನ ಕಡೆ ನೋಡಿದಳು. ಆ ನೋಟಕ್ಕೆ ಚಿದಾನಂದಪ್ಪ ಬೆವೆತುಹೋದ. ಮೆಲ್ಲಗೆ ಕಂಬದ ಮರೆಗೆ ಸರಿದು, ಚೀಲದಿಂದ ಯಂತ್ರ ತೆಗೆದ.

"ಬಲಗದದ ಗೆರೆಗಳನ್ನ ಒಂಚೂರು ಮುಂದಕ್ಕೆ ತಳ್ಳಿಬಿಡ್ತೀನಿ, ಯಾರಿಗೂ ಗೊತ್ತಾಗಲ್ಲ" ಎಂದು ಪಿಸುಗುಟ್ಟುತ್ತಾ ತಿರುಪು ತಿರುಗಿಸಿದ. ಒಂಚೂರು ತಿರುಗಬೇಕಾದದ್ದು ಕೊನೆಯ ತನಕ ಹೋಗಿ ಅಲ್ಲೇ ಕಚ್ಚಿಕೊಂಡಿತು!

ಬಾಗಿಲಿನ ಗೆರೆಗಳು ಹರಿಯತೊಡಗಿದವು. ಗಂಟುಗಳು ಕಣ್ಣಿನಂತೆ ತೆರೆದವು, ಮುಚ್ಚಿದವು, ಒಂದು ಸುತ್ತು ಹೊರಳಿ ಸರ್ವಮಂಗಳಳನ್ನೇ ದಿಟ್ಟಿಸಿದವು.

"ಬಾಗಿಲು ಉಸಿರಾಡ್ತಿದೆ!" ಎಂದು ಯಾರೋ ಕಿರುಚಿದರು.

ಬಾಗಿಲಷ್ಟೇ ಆಗಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಕದ ಮುಟ್ಟಿ ಕಣ್ಣಿಗೊತ್ತಿಕೊಂಡ ಪ್ರತಿಯೊಬ್ಬರ ಬೆರಳಲ್ಲೂ ರೆಪ್ಪೆಯಲ್ಲೂ ಪುಡಿ ಕೂತಿತ್ತಲ್ಲ! ಅದೂ ಹೇಳಿದ ಮಾತು ಕೇಳಿತು. ಐನೋರ ಕೈಯಿಂದ ಹೊರಟ ತೇಗ ಮೊಣಕೈ ದಾಟಿ ಬೋಳುತಲೆ ಏರಿತು. ಪಾರ್ವತಮ್ಮನವರ ಎರಡು ಕೆನ್ನೆಯಲ್ಲೂ ನೂರು ವರ್ಷದ ಉಂಗುರಗಳು ಮೂಡಿದವು. ಅಡುಗೆಯವರು ಹಿಟ್ಟು ಮುಟ್ಟಿದರು, ಒಬ್ಬಟ್ಟುಗಳೂ ತೇಗವಾದವು!

"ನಿಲ್ಲಿಸ್ರೀ!"

"ಕಚ್ಕೊಂಡಿದೆ ಕಣೇ! ಇನ್ನೊಂದು ತಿರುಪು ನೋಡ್ತೀನಿ ಇರು!"

ಅದು ಗಾತ್ರದ ತಿರುಪು. ತಿರುಗಿಸಿದ್ದೇ ಗೆರೆಗಳೆಲ್ಲ ಹಿಗ್ಗಿ, ನಲವತ್ತು ಜನರ ಹಣೆಯ ನಡುವೆ, ಒಬ್ಬರಿಗೂ ಬಿಡದೆ ಒಂದೇ ಜಾಗದಲ್ಲಿ, ಕೊಬ್ಬರಿ ಬಟ್ಟಲಷ್ಟು ದೊಡ್ಡ ಗಂಟು ಬಂದು ಕೂತಿತು. ಒಂಬತ್ತನೇ ನಂಬರಿನ ಗಂಟು! ಅಷ್ಟಕ್ಕೆ ಯಂತ್ರ 'ಠುಸ್' ಎಂದು ಸುಟ್ಟುಹೋಯಿತು. ಎಲ್ಲವೂ ಇದ್ದಲ್ಲೇ ನಿಂತಿತು.

ನಲವತ್ತು ಮರಗಳು ಸರ್ವಮಂಗಳಳ ಕಡೆ ತಿರುಗಿದವು. ಅವಳು ಹೊಸ್ತಿಲ ಹತ್ತಿರ ಕೂತುಬಿಟ್ಟಳು.

"ತಪ್ಪಾಯ್ತು... ಅದು ತೇಗ ಅಲ್ಲ. ಪ್ಲೈವುಡ್ಡು. ಬಾಯಿ ತಪ್ಪಿ ದೊಡ್ಡ ಮಾತಾಡಿಬಿಟ್ಟೆ, ಆಮೇಲೆ ಇಲ್ಲ ಅನ್ನೋಕೆ ಮುಖ ಬರಲಿಲ್ಲ."

ಯಾರೂ ಬೆಚ್ಚಲಿಲ್ಲ. ಅದೇ ಅವಳಿಗೆ ವಿಚಿತ್ರವಾಗಿ ಕಂಡಿತು.

"ಗೊತ್ತಿತ್ತು ತಾಯಿ," ಎಂದರು ಆಚಾರ್ರು. "ತೇಗದ ಜೋಡಿ ಕದಾನ ನಿನ್ನ ಗಂಡ ಒಬ್ಬನೇ ಕಂಕುಳಲ್ಲಿ ಇಟ್ಕೊಂಡು ಆಟೋ ಇಳಿದ್ರೆ ಗೊತ್ತಾಗಲ್ವಾ? ಗಂಟಿನ ವಿಷಯ ಒಂದು ಕುತೂಹಲಕ್ಕೆ ಕೇಳಿದೆ."

"ನಮಗೆಲ್ಲಾ ಆವಾಗಲೇ ಗೊತ್ತಾಯ್ತು ಅತ್ತಿಗೆ," ಗಿರಿಜೆ ಅವಳ ಪಕ್ಕ ಕೂತಳು. "ನಿಮ್ಮ ಮಾನ ಹೋಗಬಾರದು ಅಂತ ಅತ್ತೇನೇ ಎಲ್ಲರಿಗೂ ಸುಮ್ಮನಿರಿ ಅಂದ್ರು."

ಪಾರ್ವತಮ್ಮ ತಮ್ಮ ಮರದ ಕೆನ್ನೆಯನ್ನು ಸೆರಗಿನಿಂದ ಉಜ್ಜುತ್ತಾ ಹೇಳಿದರು: "ನಾನು ಎರಡು ಸಲ ಕಣ್ಣಿಗೊತ್ಕೊಂಡಿದ್ದು ಅದಕ್ಕೇ ಕಣಮ್ಮ. ನೀನು ನೊಂದ್ಕೋಬಾರದು ಅಂತ."

ಸಿಕ್ಕಿಬಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ತನ್ನ ಸುಳ್ಳನ್ನು ಇವರೆಲ್ಲ ಬೆಳಗಿನಿಂದ ಜೋಪಾನವಾಗಿ ಕಾಯುತ್ತಿದ್ದರು ಎನ್ನುವುದನ್ನು ಹೇಗೆ ತಡೆದುಕೊಳ್ಳುವುದು? ಸರ್ವಮಂಗಳಳ ಮುಖ ಕಿವಿಯ ತುದಿಯವರೆಗೂ ಕೆಂಪೇರಿತು.

ತೇಗದ ಬಣ್ಣದಡಿ ಅದು ಯಾರಿಗೂ ಕಾಣಲಿಲ್ಲ. ಗಂಡನ ಯಂತ್ರಗಳಿಂದ ಈವರೆಗೆ ಅವಳಿಗಾದ ಉಪಕಾರ ಅದೊಂದೇ.