ಹೊಟ್ಟೆಕಿಚ್ಚಿಗೊಂದು ಜೋಡುನಳಿಗೆ ಕೋವಿ

ಕೋವಿ ಕೊಳ್ಳುವುದು ಬದನೆಕಾಯಿ ಕೊಳ್ಳುವುದಕ್ಕಿಂತ ಸುಲಭ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಬದನೆಕಾಯಿಯೊಳಗೆ ಹುಳು ಇರಬಹುದು. ಕೋವಿಯೊಳಗೆ ಏನಿದ್ದೀತು? ಎರಡು ನಳಿಗೆ, ಹಿಂದೆ ಒಂದು ಮರದ ಹಿಡಿ. ಒತ್ತಿದರೆ ಢಂ! ಕೋಲ್ಕತ್ತದ ರೈಲ್ವೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಕಡತ ತಿರುವಿದವನಿಗೆ ಇದೇನು ಬ್ರಹ್ಮವಿದ್ಯೆಯೇ?

ಕೋವಿಯ ಆಸೆ ನನಗೆ ಹುಟ್ಟಿದ್ದಲ್ಲ, ನಮ್ಮ ಮೇಲಿನ ಮನೆಯ ಸುಧೀಂದ್ರ ಹುಟ್ಟಿಸಿದ್ದು. ಮೈಸೂರಿನ ಹುಡುಗ, ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರು. ಭಾನುವಾರ ಬಂತೆಂದರೆ ಊರಾಚೆಯ ಕ್ಲಬ್ಬಿಗೆ ಹೋಗಿ, ಯಂತ್ರ ಆಕಾಶಕ್ಕೆ ಎಸೆಯುವ ಮಣ್ಣಿನ ಬಿಲ್ಲೆಗಳಿಗೆ ಗುಂಡು ಹೊಡೆಯುತ್ತಿದ್ದ. ಒಂದು ದಿನ ಗೇಣುದ್ದದ ಕಪ್ಪೊಂದನ್ನು ಗೆದ್ದು ತಂದ. ಅಂದಿನಿಂದ ನನ್ನ ಮನೆಯಲ್ಲಿ ಶಾಂತಿ ಇಲ್ಲ.

"ನೋಡ್ರೀ, ಸುಧೀಂದ್ರ ಭಾನುವಾರ ಎದ್ದು ಶೂಟಿಂಗಿಗೆ ಹೋಗ್ತಾನೆ. ನೀವು ಎದ್ದು, ತಿಂಡಿ ತಿಂದು, ಮತ್ತೆ ಮಲಗೋಕೆ ಹೋಗ್ತೀರ" ಎಂದಳು ನನ್ನ ಹೆಂಡತಿ ಸರೋಜ.

ನನಗೆ ಹೊಟ್ಟೆ ಉರಿಯಿತು. ಮುಚ್ಚುಮರೆ ಏಕೆ? ಆತನ ಕಾರು ಕಂಡರೆ ಉರಿ, ಷೂ ಕಂಡರೆ ಉರಿ, ಕಪ್ಪು ಕಂಡ ಮೇಲಂತೂ ಊಟದ ನಂತರ ಮಜ್ಜಿಗೆ ಕುಡಿದರೂ ಆರದ ಉರಿ! ಆತನ ಕಣ್ಣೆದುರೇ ಬಿಲ್ಲೆ ಪುಡಿ ಮಾಡಿ, ಸರೋಜಳ ಬಾಯಿಂದ ಒಂದೇ ಒಂದು ಶಭಾಷ್ ಪಡೆಯದೆ ಸಾಯಬಾರದೆಂದು ತೀರ್ಮಾನಿಸಿದೆ.

ಲೈಸೆನ್ಸಿಗೆ ಅರ್ಜಿ ಹಾಕಿದೆ. ವಿಚಾರಣೆಗೆ ಬಂದ ಪೊಲೀಸ್ ಅಧಿಕಾರಿ, "ಯಾರ ಮೇಲಾದರೂ ದ್ವೇಷ ಇದೆಯಾ?" ಎಂದು ಕೇಳಿದರು. "ಖಂಡಿತ ಇಲ್ಲ" ಎಂದೆ. ಹೊಟ್ಟೆಕಿಚ್ಚಿನ ಬಗ್ಗೆ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಒಂದು ವರ್ಷದ ಮೇಲೆ ಲೈಸೆನ್ಸು ಕೈಗೆ ಬಂತು.

ಹೊಸ ಕೋವಿ ನಮ್ಮಂಥವರ ಕೈಗೆ ಎಟುಕುವುದಿಲ್ಲ. ಹಳೆಯ ಕೋವಿಗಳನ್ನೂ ಮಾರುವ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯ ಮುದುಕರು ಘೋಷಾಲ್ ಬಾಬು ಒಂದು ಜೋಡುನಳಿಗೆ ಕೋವಿ ತೆಗೆದರು. ಪಕ್ಕದಲ್ಲೆಲ್ಲ ಹೂಬಳ್ಳಿಯ ಕೆತ್ತನೆ! ಸುಧೀಂದ್ರನ ಕೋವಿಯಲ್ಲಿ ಒಂದು ಎಲೆಯೂ ಇರಲಿಲ್ಲ. ನಾನು ಅಲ್ಲೇ ಸೋತೆ.

"ದಾದಾ, ಒಮ್ಮೆ ಭುಜಕ್ಕೆ ಹಿಡಿದು ನೋಡಿ. ಕೋವಿ ಮೈಗೆ ಹೊಂದಬೇಕು" ಎಂದರು ಘೋಷಾಲ್ ಬಾಬು, ಹಿಂದಿಯಲ್ಲಿ.

ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಯಾವ ಭುಜ, ಯಾವ ಕೈ ಎಲ್ಲಿ ಎಂಬುದು ನನಗೆ ಗೊತ್ತಿರಲಿಲ್ಲ. "ಅಗತ್ಯವಿಲ್ಲ. ನನಗೆ ನೋಡಿದರೇ ತಿಳಿಯುತ್ತದೆ" ಎಂದು ಗಂಭೀರವಾಗಿ ಹೇಳಿದೆ. ಹಿಡಿ ಒಂದು ಕಡೆಗೆ ಸ್ವಲ್ಪ ವಾಲಿದ್ದನ್ನೂ ನೋಡಿದೆ. ಜಮೀನ್ದಾರರ ಕಾಲದ ಮಾಲು, ವಯಸ್ಸಾದ ಮೇಲೆ ಸೊಂಟ ವಾಲುವುದು ಸಹಜ ಎಂದುಕೊಂಡೆ. ಗರಿಯಾಹಾಟ್ ಮಾರುಕಟ್ಟೆಯಲ್ಲಿ ಹತ್ತು ತೆಂಗಿನಕಾಯಿ ಕುಟ್ಟಿ ನೋಡಿ ಒಂದನ್ನು ಕೊಳ್ಳುವ ನಾನು, ಕೋವಿಯನ್ನು ಕುಟ್ಟದೆ ತಟ್ಟದೆ ಮನೆಗೆ ತಂದೆ!

ಅಷ್ಟರಲ್ಲಿ ಆಯುಧಪೂಜೆ ಬಂತು. ಇಡೀ ಊರು ದುರ್ಗೆಯ ಪೆಂಡಾಲ್ ಸುತ್ತುತ್ತಿದ್ದರೆ, ನಮ್ಮ ಕಟ್ಟಡದ ಎರಡು ಕನ್ನಡ ಮನೆಗಳಲ್ಲಿ ಕುಂಕುಮದ ಗಲಾಟೆ. ಸುಧೀಂದ್ರನ ಕೋವಿ ಇರುತ್ತಿದ್ದುದು ಕ್ಲಬ್ಬಿನಲ್ಲಿ; ಆತ ಲ್ಯಾಪ್‌ಟಾಪಿಗೆ ಒಂದೇ ಒಂದು ಹೂವಿಟ್ಟು ಪೂಜೆ ಮುಗಿಸಿದ್ದ. ನನಗೆ ಹುರುಪು ಬಂತು. ನಿಜವಾದ ಆಯುಧ ಇರುವುದು ನಮ್ಮ ಮನೆಯಲ್ಲಿ! ಕೋವಿಯನ್ನು ಮೂಲೆಗೆ ಒರಗಿಸಿ ನಿಲ್ಲಿಸಿ ಗಂಧ ಹಚ್ಚಿದೆ, ಕುಂಕುಮ ಇಟ್ಟೆ, ಚೆಂಡುಹೂವಿನ ಹಾರ ಹಾಕಿದೆ. ಕೊನೆಗೆ ಎರಡೂ ನಳಿಗೆಗಳ ಬಾಯಿಗೆ ತಲಾ ಒಂದು ಹಿಡಿ ಅಕ್ಷತೆ ಸುರಿದೆ.

"ಒಳಗೆ ಯಾಕ್ರೀ ಹಾಕ್ತೀರ?" ಎಂದಳು ಸರೋಜ.

"ಶಕ್ತಿ ಇರೋದು ಒಳಗೇ ತಾನೆ?" ಎಂದೆ.

ಮುಂದಿನ ಭಾನುವಾರ ಕ್ಲಬ್ಬಿನಲ್ಲಿ ಸ್ಪರ್ಧೆ. ಹೆಸರು ಕೊಟ್ಟೆ. ಸರೋಜ ಚಿತ್ರಾನ್ನದ ಡಬ್ಬಿ ಸಮೇತ ಬಂದಳು. ಮೊದಲು ಕೋವಿಗಳ ತಪಾಸಣೆ. ಮೀಸೆಯ ಅಧಿಕಾರಿಯೊಬ್ಬರು ನನ್ನ ಕೋವಿಯನ್ನು ನಡುವಿನಿಂದ ಮಡಚಿ ತೆರೆದರು. ಸರ್ರನೆ ಅಕ್ಷತೆ ಅವರ ಬೂಟಿನ ಮೇಲೆ ಸುರಿಯಿತು!

ಅವರು ಬೂಟು ನೋಡಿದರು. ನನ್ನನ್ನು ನೋಡಿದರು. "ಇದೇನು?" ಎಂದರು.

"ಅಕ್ಕಿ" ಎಂದೆ. ಬೇರೆ ಏನು ಹೇಳಲಿ?

ನೋಡದೆ ಹೊಡೆದಿದ್ದರೆ ನಳಿಗೆ ಸಿಡಿದು ನನ್ನ ಮುಖವೇ ಹೋಗುತ್ತಿತ್ತಂತೆ. ಎಲ್ಲರೂ ನಗುತ್ತಿದ್ದಾಗ ಸುಧೀಂದ್ರ ಒಬ್ಬನೇ ನಗದೆ ಓಡಿಬಂದು, ಕಡ್ಡಿಗೆ ಬಟ್ಟೆ ಸುತ್ತಿ, ಒಳಗೆ ಅಂಟಿದ್ದ ಅರಿಶಿನದ ಕಾಳುಗಳನ್ನೆಲ್ಲ ತೆಗೆದುಕೊಟ್ಟ. ಆತ ನಕ್ಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ನನ್ನ ಸರದಿ. "ಪುಲ್!" ಎಂದು ಕೂಗಿದೆ. ಬಿಲ್ಲೆ ಹಾರಿತು. ಢಂ! ಬಿಲ್ಲೆ ಹಾಯಾಗಿ ಹೋಗಿ ಹುಲ್ಲಿನ ಮೇಲೆ ಇಳಿಯಿತು. ಕೋವಿಯ ಹಿಡಿ ಮಾತ್ರ ನನ್ನ ಕೆನ್ನೆಗೆ ಗುರಿ ತಪ್ಪದೆ ಬಡಿಯಿತು. ಇಪ್ಪತ್ತೈದು ಬಿಲ್ಲೆ, ಇಪ್ಪತ್ತೈದು ಏಟು. ಎಲ್ಲವೂ ನನ್ನ ಕೆನ್ನೆಗೇ!

"ಕೋವಿಯಲ್ಲೇ ಏನೋ ಇದೆ ಸಾರ್, ಕೊಡಿ ನೋಡೋಣ" ಎಂದ ಸುಧೀಂದ್ರ. ಕೋವಿಯನ್ನು ಎಡಭುಜಕ್ಕೆ ಏರಿಸಿದ. ಅವನ ಮುಖ ಅರಳಿತು. "ಸಾರ್! ಇದು ಎಡಚರಿಗೆ ಅಂತಲೇ ಮಾಡಿಸಿದ ಕೋವಿ! ಹಿಡಿ ವಾಲಿರೋದು ಅದಕ್ಕೇ. ನನ್ನದು ನನಗೆ ಹೊಂದೋದೇ ಇಲ್ಲ. ಇಂಥದ್ದನ್ನ ಎರಡು ವರ್ಷದಿಂದ ಹುಡುಕ್ತಿದ್ದೀನಿ. ನನ್ನ ಸರದಿಗೆ ಇದನ್ನೇ ತಗೊಳ್ಳಲಾ?"

ನಾಲ್ಕು ವರ್ಷದಿಂದ ಆತನ ಮೇಲೆ ಕಣ್ಣಿಟ್ಟಿದ್ದೇನೆ. ಆತನ ಕಾರಿನ ಮಾಡೆಲ್ಲು ಗೊತ್ತು, ಷೂ ಎಷ್ಟು ಜೊತೆ ಎಂದು ಗೊತ್ತು. ಆತ ಎಡಚ ಎಂಬುದನ್ನು ಮಾತ್ರ ನೋಡಿರಲಿಲ್ಲ! ನಾನು ಬಾಯಿ ತೆರೆಯುವ ಮೊದಲೇ ಸರೋಜ, "ತಗೊಳ್ಳಪ್ಪ, ಅದಕ್ಕೇನಂತೆ?" ಎಂದುಬಿಟ್ಟಳು.

ಇಪ್ಪತ್ತೈದರಲ್ಲಿ ಇಪ್ಪತ್ತಮೂರು ಬಿಲ್ಲೆ ಪುಡಿಪುಡಿ. ನನ್ನ ಕೋವಿ, ನಾನು ತಂದ ತೋಟೆಗಳು, ನನ್ನ ಹೆಂಡತಿಯ ಚಪ್ಪಾಳೆ! ಈ ಸಲದ ಕಪ್ಪು ಮೊಳದುದ್ದ ಇತ್ತು. ಫೋಟೋ ತೆಗೆಯುವಾಗ ಸುಧೀಂದ್ರ ನನ್ನನ್ನೂ ಪಕ್ಕಕ್ಕೆ ಕರೆದ. ಊದಿದ ಕೆನ್ನೆ ಕಾಣದಂತೆ ಮುಖ ತಿರುಗಿಸಿ ನಿಂತೆ. ಫೋಟೋದಲ್ಲಿ ನನ್ನ ಒಂದು ಕಿವಿ ಚೆನ್ನಾಗಿ ಬಂದಿದೆ.

ಮುಂದಿನ ತಿಂಗಳು ಕೋವಿಯನ್ನು ಕಾನೂನು ಪ್ರಕಾರ ಸುಧೀಂದ್ರನ ಹೆಸರಿಗೆ ವರ್ಗಾಯಿಸಲು ಫಾರಂ ತುಂಬುತ್ತ ಕುಳಿತೆ. ಕಾರಣ ಏನೆಂದು ಬರೆಯಬೇಕಿತ್ತು. ತುಂಬ ಯೋಚಿಸಿ, "ಈ ವಸ್ತುವನ್ನು ನನಗಿಂತ ಸಮರ್ಥವಾಗಿ ಬಳಸುವವರು ದೊರೆತಿದ್ದಾರೆ" ಎಂದು ಬರೆದೆ.

ಸರೋಜ ಹಿಂದಿನಿಂದ ಬಗ್ಗಿ ಓದಿದಳು. "ನಿಮ್ಮ ಪುಣ್ಯ ರೀ" ಎಂದಳು, "ಗಂಡಂದಿರಿಗೆ ಇಂಥ ಫಾರಂ ಇಲ್ಲ."

ನಾನು ನಕ್ಕೆ. ಆದರೂ ಮರುದಿನ ಫಾರಂ ಕೊಡಲು ಲೈಸೆನ್ಸಿನ ಕಚೇರಿಗೆ ಹೋದಾಗ, ಗೋಡೆಗೆ ಅಂಟಿಸಿದ್ದ ಫಾರಂಗಳ ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ಎರಡು ಸಲ ಓದಿಕೊಂಡೇ ಬಂದೆ.