ಗಂಗಿಯ ಎರಡನೇ ಚಳಿಗಾಲ

ಸಪ್ತಸಾಗರದಾಚೆ ಮೌಂಟನ್ ವ್ಯೂ ಊರಿನ ಖಿಮೈರಾ ಕಂಪನಿಯ ಕಾಯಂ ನೌಕರರಲ್ಲಿ ಒಂದು ಆಡಿನ ಮರಿಯೂ ಇರತಕ್ಕದ್ದು. ಖಿಮೈರಾ ಅಂದರೆ ಹಳೇ ಗ್ರೀಕ್ ಭಾಷೆಯಲ್ಲಿ ಎಳೇ ಹೆಣ್ಣಾಡು, ಒಂದೇ ಒಂದು ಚಳಿಗಾಲ ಕಂಡದ್ದು. ಹೆಸರಿಟ್ಟ ಮೇಲೆ ಹೆಸರಿನವಳು ಇರಬೇಡವೇ ಎಂದು ದುಡ್ಡು ಹಾಕಿದವರು ಕರಾರಿನಲ್ಲೇ ಬರೆಸಿದ್ದರು. ಹಾಗಾಗಿ ಮೊದಲ ಚಳಿಗಾಲವನ್ನು ಟಾಹೋ ಬೆಟ್ಟದ ಹಿಮದಲ್ಲಿ ಮುಗಿಸಿದ ಗಂಗಿ, ಕೊರಳಿಗೆ ಬ್ಯಾಡ್ಜು ಹಾಕಿಕೊಂಡು ಆಫೀಸಿಗೆ ಬಂದಳು. ಮೀಟಿಂಗುಗಳಲ್ಲಿ ಉಳಿದವರ ಹಾಗೆಯೇ ಮೆಲುಕು ಹಾಕುತ್ತ ಕೂತಿರುತ್ತಿದ್ದಳು, ಯಾರದೂ ತಕರಾರಿರಲಿಲ್ಲ.

ಕಂಪನಿ ಯಜಮಾನ ಶಿವರಾಜನ ತಾಯಿ ಬಂಗಾರೆವ್ವ ರೋಣದ ಕಡೆಯವಳು. ಆಡು ಮೇಯಿಸಿ ಗೊತ್ತಿದ್ದವಳು ಅವಳೊಬ್ಬಳೇ ಆದ್ದರಿಂದ ಅವಳಿಗೂ ಒಂದು ಬ್ಯಾಡ್ಜು ಸಿಕ್ಕಿತು. ಆ ಆಫೀಸಿನಲ್ಲಿ ಫೋನು ನೋಡದೆ ಅವಳ ಮಾತು ಪೂರ್ತಿ ಕೇಳುತ್ತಿದ್ದವಳೂ ಗಂಗಿಯೊಬ್ಬಳೇ.

ನವೆಂಬರ್ ಕೊನೆಗೆ ಸಿಬ್ಬಂದಿ ವಿಭಾಗದ ಊರ್ಮಿಳಾ ಸುತ್ತೋಲೆ ಹೊರಡಿಸಿದಳು: "ಡಿಸೆಂಬರ್ ಒಂದರಿಂದ ಎರಡನೇ ಚಳಿಗಾಲ ಜಾರಿಗೆ ಬರುವುದರಿಂದ ಸದರಿ ಗಂಗಿಯು ಹುದ್ದೆಗೆ ಅನರ್ಹಳು. ಆಡು ಒದಗಿಸಿದ ಏಜೆನ್ಸಿಯ ವ್ಯಾನು ಬಂದು ಒಯ್ಯತಕ್ಕದ್ದು."

ವ್ಯಾನಿನ ಮೇಲೆ ಬಿರಿಯಾನಿ ಹಂಡೆಯ ಚಿತ್ರವಿತ್ತು.

ಬಂಗಾರೆವ್ವ ಹಂಡೆಯನ್ನು ನೋಡಿದಳು, ಗಂಗಿಯನ್ನು ನೋಡಿದಳು. ಅತ್ತರೆ ಇಲ್ಲಿ ಕೆಲಸ ಆಗುವುದಿಲ್ಲ, ಮೀಟಿಂಗು ಕರೆದರೆ ಆಗುತ್ತದೆ ಎಂಬುದನ್ನು ಅಷ್ಟರಲ್ಲಿ ಕಲಿತಿದ್ದಳು. ಕರೆಸಿದಳು.

"ಊರ್ಮಿಳವ್ವಾ, ಇಲ್ಲಿ ಚಳಿಗಾಲ ಎಲ್ಲೈತಿ? ನಮ್ಮ ಕಡೆ ಜಂತಿ ಮ್ಯಾಲಿನ ಕಂಬಳಿ ಕೆಳಗಿಳದ್ರ ಚಳಿಗಾಲ. ಈ ಆಫೀಸಿನಾಗ ಒಬ್ಬರರ ಕಂಬಳಿ ಹೊದ್ದಾರೇನು?"

"ಡೇಟಾ ಇದೆಯಾ ಅಜ್ಜಿ?"

"ನೀನ ಎಣಿಸ್ಕೊಂಡು ಬಾ."

ಸಮಿತಿಯೊಂದು ಮೂರು ದಿನ ಮೂರೂ ಮಹಡಿ ಜಾಲಾಡಿತು. ಜನ ನೂರ ನಲವತ್ತೆರಡು, ಚಡ್ಡಿ ಅರವತ್ತೊಂದು, ಕಂಬಳಿ ಸೊನ್ನೆ. ಕಂಬಳಿಯ ಗೈರುಹಾಜರಿಯಲ್ಲಿ ಚಳಿಗಾಲವಿಲ್ಲ ಎಂದು ಠರಾವಾಯಿತು. ವ್ಯಾನು ಖಾಲಿ ಹೋಯಿತು.

ಚಳಿಗಾಲವೇ ಇಲ್ಲವೆಂದ ಮೇಲೆ ಹೀಟರು ಹಾಕುವುದು ಕರಾರಿಗೆ ಮೋಸವಲ್ಲವೇ? ಆರಿಸಿದರು. ಚಳಿಗಾಲದ ರಜೆಯೂ ಹೋಯಿತು. ಶಿವರಾಜ ನೀಲಿಗಟ್ಟಿದ ಬೆರಳುಗಳಿಂದ ಟೈಪು ಮಾಡಿ ಎಲ್ಲರಿಗೂ ಬೇಸಿಗೆಯ ಶುಭಾಶಯ ಕಳಿಸಿದ.

ಜನವರಿಯಲ್ಲಿ ಒಂದು ಸಂಗತಿ ಬೆಳಕಿಗೆ ಬಂತು: ಇಡೀ ಕಟ್ಟಡದಲ್ಲಿ ಬೆಚ್ಚಗಿರುವ ಸಿಬ್ಬಂದಿ ಗಂಗಿಯೊಬ್ಬಳೇ. ಈಗ ಅವಳನ್ನು ತಬ್ಬಿಕೊಳ್ಳಲು ಮೀಟಿಂಗ್ ರೂಮಿಗೆ ಇರುವಂತೆಯೇ ಬುಕಿಂಗು ಇದೆ, ತಲೆಗೆ ಹತ್ತು ನಿಮಿಷ. ಊರ್ಮಿಳಾಳ ಸರದಿ ಗುರುವಾರ ಮೂರಕ್ಕೆ. ಅಲ್ಲಿಯವರೆಗೆ ಹಲ್ಲು ಕಟಕಟಿಸುತ್ತ ಓಡಾಡುತ್ತಾಳೆ.

"ಏನು ಸೆಕೆ ಅಲ್ವಾ ಅಜ್ಜಿ."

"ಹೌದ ಯವ್ವಾ, ಭಾಳ ಧಗಿ," ಎನ್ನುತ್ತಾಳೆ ಬಂಗಾರೆವ್ವ. ಮನೆಯಲ್ಲಿ ತನ್ನ ಸೂಟ್‌ಕೇಸಿನ ತಳದಲ್ಲಿರುವ ಕಂಬಳಿಯ ಸುದ್ದಿ ಮಾತ್ರ ಎತ್ತುವುದಿಲ್ಲ.